ನಾಲಿಗೆ ಮಡಚಿ ಗೆದ್ದ ಸೀಟು

ಮೊನ್ನೆ ಬತ್ತೇರಿ ಪೇಟೆಯ ಜೆರಾಕ್ಸ್ ಅಂಗಡಿಯಲ್ಲಿ ಚಿಕ್ಕವ್ವನ ಜೊತೆ ನಿಂತಿದ್ದೆ. ಯಂತ್ರದಿಂದ ಬಿಸಿಬಿಸಿಯಾಗಿ ಹೊರಬಿದ್ದ ಹಾಳೆಯ ವಾಸನೆ ಮೂಗಿಗೆ ಬಡಿಯಿತು ನೋಡಿ, ನಾನು ಮತ್ತೆ ಹದಿನೆಂಟರ ಹುಡುಗಿಯಾದೆ.

ಆ ವರ್ಷ ನನಗೊಂದು ಹುಚ್ಚು ಹಿಡಿದಿತ್ತು: ಮೈಸೂರಿನ ಕಾಲೇಜಿನಲ್ಲಿ ಕನ್ನಡ ಸಾಹಿತ್ಯ ಓದಬೇಕು. ಅದಕ್ಕೊಂದು ಪ್ರವೇಶ ಪರೀಕ್ಷೆ. ನೂರು ಪ್ರಶ್ನೆ, ಪ್ರತಿಯೊಂದಕ್ಕೂ ನಾಲ್ಕು ಉತ್ತರ, ಸರಿಯಾದದ್ದರ ಸೊನ್ನೆಗೆ ಮಸಿ ತುಂಬಬೇಕು. ನಾನೋ ಗಡಿಯಾಚೆ, ಮಲಯಾಳದ ನೆಲದಲ್ಲಿರುವ ನೂಲ್ಪುಳದ ಕಾಡಂಚಿನವಳು. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಹನ್ನೆರಡು ವರ್ಷವೂ ಮಲಯಾಳ. ಕನ್ನಡದ ಅಕ್ಷರ ಕಲಿತದ್ದು ಗಡಿ ದಾಟಿ ಬರುವ ಬಸ್ಸುಗಳ ಬೋರ್ಡು ನೋಡಿ. ಹೀಗಾಗಿ ಊರುಗಳ ಹೆಸರನ್ನು ಸರಾಗ ಓದುತ್ತಿದ್ದೆ, ಉಳಿದದ್ದಕ್ಕೆ ಬೆವರುತ್ತಿದ್ದೆ. "ಒಂದು ಸಲ ಬರೆ. ಸಿಕ್ಕದಿದ್ರೆ ಹೊಲಿಗೆ ಕ್ಲಾಸು," ಎಂದಿದ್ದರು ಅಪ್ಪ. ನಾನು ಹೊಲಿದ ಬಟ್ಟೆ ತೊಟ್ಟರೆ ಊರಿನವರ ಗತಿ ಏನಾಗುತ್ತಿತ್ತೋ, ನೀವೇ ಊಹಿಸಿ.

ಗೈಡೊಂದನ್ನು ಜೆರಾಕ್ಸ್ ಮಾಡಿಸಿಕೊಂಡೆ; ಅದಕ್ಕೂ ಇದೇ ಬಿಸಿ ಹಾಳೆಯ ವಾಸನೆ. ಹಳಗನ್ನಡದ ಭಾಗ ತೆರೆದ ದಿನವೇ ಅಳು ಬಂತು. ಅದರಲ್ಲಿ ‘ೞ’ ಎಂಬ ಅಕ್ಷರ ಬೇರೆ. ಯಾವ ಬಸ್ಸಿನ ಮೇಲೂ ಅದನ್ನು ಕಂಡವಳಲ್ಲ. ಗೈಡನ್ನು ಅಂಗಳದಲ್ಲಿ ಒಣಗುತ್ತಿದ್ದ ಕಾಫಿಯ ಮೇಲೆ ಎಸೆದೆ. ಕಾಫಿ ಕೆದರುತ್ತಿದ್ದ ಚಿಕ್ಕವ್ವ, ಆಗ ಒಂದಕ್ಷರವೂ ಓದಲು ಬಾರದವಳು, ಅದನ್ನೆತ್ತಿ ಸೆರಗಿನಿಂದ ಒರೆಸಿದಳು.

"ಎಂಥ ಮೋಳೆ, ವೆರುತೆ ಅಳದು? ಜೋರಾಗಿ ಓದು, ಕೇಳುವ."

‘ಯಾಕೆ ಮಗಳೇ, ಸುಮ್ಮನೆ ಅಳುವುದು’ ಎನ್ನಲು ನಮ್ಮ ಕಡೆ ಮಲಯಾಳ ಬೆರೆತ ಇದೇ ಮಾತು. ಮೂಗೊರೆಸಿಕೊಂಡು ಶಬ್ದಗಳ ಪಟ್ಟಿ ಓದಿದೆ. "ಪಾಲ್... ಪುಲಿ... ಪೂ..."

"ಅಯ್ಯೋ, ಇದು ಮಲಯಾಳ ಅಲ್ವಾ! ಚಾಯದಂಗಡೀಲಿ ಪಾಲ್ ಅಂತಾರೆ. ಪುಲಿ ಬಂದ್ರೆ ಫಾರೆಸ್ಟಿನವರೂ ಪುಲಿ ಅಂತ್ಲೇ ಓಡದು!"

ನಾನು ಬೆರಗಾಗಿ ಕೂತೆ. ಹಾಲು, ಹುಲಿ, ಹೂ. ನಮ್ಮ ಕನ್ನಡ ಕಳೆದುಕೊಂಡ ‘ಪ’ಕಾರ ಪಕ್ಕದ ಮನೆಯಲ್ಲಿ ಬೆಚ್ಚಗೆ ಕೂತಿತ್ತು! ಹಾಗಾದರೆ ಆ ‘ೞ’? ‘ಮೞೆ’ ಎಂಬುದರ ಎದುರಿಗೆ ‘ಮಳೆ’ ಎಂದಿತ್ತು. ಶಾಲೆಗೆ ಅಷ್ಟೊಂದು ರಜೆ ಕೊಡಿಸಿದ ಮಳೆಯನ್ನು ನಾವು ಮಲಯಾಳದಲ್ಲಿ ನಾಲಿಗೆ ಹಿಂದಕ್ಕೆ ಮಡಚಿ ಕರೆಯುತ್ತಿದ್ದುದು ಅದೇ ದನಿಯಲ್ಲಿ! ಆಮೇಲೆ ಚಿಕ್ಕವ್ವ ಕೋಲೆತ್ತಿ ತೋರಿಸುವುದು, ನಾನು ಹಳಗನ್ನಡದಲ್ಲಿ ಕೂಗುವುದು. ಕೋಳಿ ಕಂಡರೆ "ಕೋೞಿ!" ಹುಳು ಕಂಡರೆ "ಪುೞು!" ಇಬ್ಬರೂ ಕಾಫಿಯ ಮೇಲೆಯೇ ಬಿದ್ದು ನಕ್ಕೆವು. ಎಲ್ಲವೂ ಹೀಗೆ ಸಲೀಸಾಗಿತ್ತೆಂದಲ್ಲ. ಛಂದಸ್ಸಿಗೆ ಮೂರು ತಿಂಗಳು ತಲೆ ಚಚ್ಚಿಕೊಂಡೆ. ಆದರೆ ಭಯ ಹೋಗಿತ್ತು.

ಪರೀಕ್ಷೆಯ ಬೆಳಿಗ್ಗೆ ಮೈಸೂರಿನಲ್ಲಿ ಹುಡುಗಿಯರ ಗುಂಪೊಂದು ಅದೇ ಅಕ್ಷರಕ್ಕೆ ಶಾಪ ಹಾಕುತ್ತಿತ್ತು. "ಇದನ್ನ ಹೇಳೋದಾದ್ರೂ ಹೇಗ್ರೀ?" ಎಂದಳು ಒಬ್ಬಳು. ನನ್ನ ಬೆರಕೆ ಮಾತಿಗೆ ನಾಚಿ ಅಲ್ಲಿಯವರೆಗೆ ಬಾಯಿ ಬಿಡದವಳು, ಬಿಟ್ಟೆ: "ಮೞೆ." "ಇನ್ನೊಮ್ಮೆ! ಇನ್ನೊಮ್ಮೆ!" ಎರಡು ನಿಮಿಷದಲ್ಲಿ ವರಾಂಡದ ತುಂಬ ನಾಲಿಗೆಗಳು ಮಡಚಿಕೊಂಡವು. ಗದರಲು ಬಂದ ಮೇಷ್ಟ್ರೂ ಮೆಲ್ಲಗೆ "ಮ... ಮರೆ?" ಎಂದು ಪ್ರಯತ್ನಿಸಿ ನೋಡಿದರು.

ಸೀಟು ಸಿಕ್ಕಿತು. ಹಳಗನ್ನಡದಲ್ಲಿ ಒಂದೂ ತಪ್ಪಿರಲಿಲ್ಲ. ತಪ್ಪಿದ್ದೆಲ್ಲ ಎಲ್ಲರಿಗೂ ಗೊತ್ತಿದ್ದ ಹೊಸಗನ್ನಡದಲ್ಲಿ.

ಇಷ್ಟೆಲ್ಲ ನೆನೆಯುತ್ತ ನಿಂತವಳ ಮೊಣಕೈಯನ್ನು ಚಿಕ್ಕವ್ವ ತಿವಿದಳು. ಜೆರಾಕ್ಸ್ ಆದದ್ದು ಅವಳ ಕಾಗದ: ಸಾಕ್ಷರತಾ ತರಗತಿಯ ನಾಲ್ಕನೇ ಕ್ಲಾಸಿನ ಪರೀಕ್ಷೆಗೆ ಅರ್ಜಿ. ಅರವತ್ತು ದಾಟಿದ ಕೈ ಪೆನ್ನು ಹಿಡಿದು ಹೆಸರಿನ ಅಕ್ಷರಗಳನ್ನು ಒಂದೊಂದಾಗಿ ಇಳಿಸತೊಡಗಿತು. ಹಿಂದೆ ಜನರ ಸಾಲು ಬೆಳೆಯಿತು. ಕಾಲೇಜಿನಲ್ಲಿ ಪಾಠ ಹೇಳುವ ನಾನು ಅವಳ ಕಿವಿಯತ್ತ ಬಾಗಿದೆ.

"ಪೇಡಿ ಆಗ್ತದಾ, ಚಿಕ್ಕವ್ವಾ?" ಹೆದರಿಕೆಯಾ ಎಂದು ಅವಳ ಮಾತಿನಲ್ಲೇ ಕೇಳಿದೆ.

"ಪೇಡಿ ಎಂಥಕ್ಕೆ?" ಅವಳು ತಲೆಯೆತ್ತಲಿಲ್ಲ. "ನೀನೇ ಪಾಸಾಗಿಲ್ವಾ?"