ಬುಧವಾರದ ಕುಂಕುಮ

ನಮ್ಮ ಯಂತ್ರಕ್ಕೆ ಊಟದಲ್ಲಿ ಭೇದಭಾವವಿಲ್ಲ. ಬೆಳಿಗ್ಗೆ ಶೇಂಗಾ ಚಟ್ನಿ, ಮಧ್ಯಾಹ್ನ ಡೀಸೆಲ್, ಸಂಜೆಗೆ ಹಸುಗೂಸಿನ ಆಹಾರದ ಪುಡಿ, ಏನು ಕೊಟ್ಟರೂ ಉಣ್ಣುತ್ತದೆ. ಕೊಡುವ ಮೊದಲು ನಾವು ಅದನ್ನು ನೈಟ್ರಿಕ್ ಆ್ಯಸಿಡ್‌ನಲ್ಲಿ ಬೇಯಿಸಿ ನೀರಿನಷ್ಟು ತಿಳಿ ಮಾಡಬೇಕು. ಯಂತ್ರ ಆ ತಿಳಿಯನ್ನು ತುಂತುರಾಗಿಸಿ, ಭಯಂಕರ ಬಿಸಿಯ ಜ್ವಾಲೆಯೊಳಗೆ ಊದಿ, ಹೊರಬಂದ ಪರಮಾಣುಗಳನ್ನು ತೂಕದ ಪ್ರಕಾರ ಬೇರೆ ಮಾಡಿ ಎಣಿಸುತ್ತದೆ. ಇಷ್ಟು ಸೀಸ, ಇಷ್ಟು ಕ್ಯಾಡ್ಮಿಯಂ, ಇಷ್ಟು ನಿಕ್ಕಲ್. ನಮ್ಮ ವಸತಿ ಸೊಸೈಟಿಯ ತಾರಸಿಯ ಟ್ಯಾಂಕಿನಲ್ಲಿ ಯಾರಾದರೂ ಒಂದು ಚಿಟಿಕೆ ಸೀಸ ಕರಗಿಸಿಟ್ಟರೆ, ಕೆಳಗಿನ ನಲ್ಲಿಯ ಒಂದು ಚಮಚ ನೀರಿನಲ್ಲಿ ಅದನ್ನು ಹಿಡಿದುಕೊಡಬಲ್ಲದು.

ಹಡಪಸರದ ಒಂದು ಖಾಸಗಿ ಪ್ರಯೋಗಾಲಯದಲ್ಲಿ ಈ ಯಂತ್ರ ಇರುವ ವಿಭಾಗಕ್ಕೆ ನಾನು ಮುಖ್ಯಸ್ಥ. ಬಾಗಲಕೋಟೆ ಕಡೆಯಿಂದ ಇಲ್ಲಿಗೆ ಬಂದು ಇಪ್ಪತ್ತು ವರ್ಷವಾಯಿತು. ಈ ಕೆಲಸ ಮಾಡುವವನಿಗೆ ಬರುವ ರೋಗವೆಂದರೆ ಸಂಶಯ. ಕಾತ್ರಜದ ನಮ್ಮ ಮನೆಯಲ್ಲಿ ಅರಿಸಿನದ ಡಬ್ಬಿ, ಬೆಲ್ಲದ ಡಬ್ಬಿ, ಚಹಾಪುಡಿ ಎಲ್ಲಕ್ಕೂ ಪರೀಕ್ಷೆಯಾಗಿದೆ. ಮದುವೆ ಮನೆಗಳಲ್ಲಿ ನನ್ನ ಎದುರು ಕುಳಿತವರು ಪಾಯಸ ಬಾಯಿಗಿಡುವ ಮೊದಲು ಒಮ್ಮೆ ನನ್ನ ಮುಖ ನೋಡುತ್ತಾರೆ. ರೋಗದ ಜೊತೆಗೆ ಸಿಟ್ಟೂ ಇದೆ, ಆದರೆ ಅದು ಕೆಲಸದಿಂದ ಬಂದದ್ದಲ್ಲ, ಹುಟ್ಟಿನಿಂದ ಬಂದದ್ದು ಎಂದು ನನ್ನ ಹೆಂಡತಿ ಹೇಳುತ್ತಾಳೆ.

ವಿಭಾಗದ ಜೀವ ಮಾತ್ರ ನಾನಲ್ಲ. ಪಾತ್ರೆಗಳನ್ನು ಆ್ಯಸಿಡ್‌ನಲ್ಲಿ ನೆನೆಸಿ ತೊಳೆಯುವ ಒಬ್ಬ ಹೆಂಗಸು ಇದ್ದಾರೆ. ಯಾದಗಿರಿ ಕಡೆಯವರು, ಗಂಡನ ಗೌಂಡಿ ಕೆಲಸಕ್ಕೆಂದು ಬಂದು ಕೊಂಢವಾದಲ್ಲಿ ನೆಲೆಸಿದವರು. ಬೇರೆಯವರೆಲ್ಲ ಅವರನ್ನು ಮರಾಠಿಯಲ್ಲಿ ಮಾವಶಿ, ಅಂದರೆ ಚಿಕ್ಕಮ್ಮ, ಎನ್ನುತ್ತಾರೆ, ನಾನು ಅಕ್ಕಾರ ಎನ್ನುತ್ತೇನೆ. ಕನ್ನಡ ಅಕ್ಷರ ಅವರಿಗೆ ಓದಲು ಬರುವುದಿಲ್ಲ, ಆದರೆ ಸಾವಿರಾರು ಬಾಟಲಿಗಳ ಮೇಲೆ ನಂಬರು, ತಾರೀಖು ಅಂಟಿಸಿ ಅಂಕಿಗಳು ಬಾಯಿಪಾಠವಾಗಿವೆ. ಅವರು ತೊಳೆದ ಬಾಟಲಿಯಲ್ಲಿ ಶುದ್ಧ ನೀರು ತುಂಬಿ ಯಂತ್ರಕ್ಕೆ ಕೊಟ್ಟರೆ ಎಲ್ಲ ಲೋಹಕ್ಕೂ ಸೊನ್ನೆ ಬರಬೇಕು, ಬರುತ್ತಿತ್ತು. ಆ ಸೊನ್ನೆಯೇ ನಮ್ಮ ಬಂಡವಾಳ. ಖಾಲಿ ನೀರಿನಲ್ಲಿ ಸೀಸ ಕಂಡರೆ ಮಗುವಿನ ಪುಡಿಯಲ್ಲಿ ಕಂಡ ಸೀಸ ಯಾರದ್ದು ಎಂದು ಯಾವ ದೇವರೂ ಹೇಳಲಾರ.

ಹೋದ ವರ್ಷ ಮಳೆಗಾಲ ಮುಗಿಯುವ ಹೊತ್ತಿಗೆ ಖಾಲಿ ನೀರಿನಲ್ಲಿ ಸೀಸ ಕಾಣಿಸಿತು.

ಮೊದಲು ಇಂಧನ ಎಣ್ಣೆಯ ಮೇಲೆ ಸಂಶಯ ಪಟ್ಟೆ. ಆ ವಾರ ಒಂದು ಬಾಯ್ಲರಿನ ಎಣ್ಣೆ ಬಂದಿತ್ತು, ಡಾಂಬರಿನಷ್ಟು ಕಪ್ಪು. ಕೊಳವೆಗಳನ್ನೆಲ್ಲ ಬದಲಿಸಿದರೂ ಸೀಸ ಹೋಗಲಿಲ್ಲ. ಆಮೇಲೆ ಆ್ಯಸಿಡ್, ನೀರು, ಕೈಗವಸು, ಎಸಿಯ ಧೂಳು ಎಲ್ಲವನ್ನೂ ಪರೀಕ್ಷಿಸಿದೆ. ಯೋಚಿಸುವಾಗ ತಲೆ ಕೆರೆದುಕೊಳ್ಳುವುದು ನನ್ನ ಅಭ್ಯಾಸ. ಆ ದಿನಗಳಲ್ಲಿ ಕೆರೆದುಕೊಂಡಷ್ಟು ಜನ್ಮದಲ್ಲಿ ಕೆರೆದುಕೊಂಡಿರಲಿಲ್ಲ. ನಾನು ಯೋಚಿಸಿದಷ್ಟೂ ಸೀಸ ಏರುತ್ತಿತ್ತು. ಮಗುವಿನ ಪುಡಿಯ ವರದಿಗಳು ನಿಂತವು, ಗಿರಾಕಿಗಳು ಫೋನ್ ಮಾಡತೊಡಗಿದರು, ನಮ್ಮ ಮ್ಯಾನೇಜರ್ ಮೇಡಂ ದಿನಕ್ಕೆ ಎರಡು ಸಲ ಬಾಗಿಲಲ್ಲಿ ಬಂದು ಏನೂ ಹೇಳದೆ ನಿಂತು ಹೋಗುತ್ತಿದ್ದರು. ಅವರು ಬೈದಿದ್ದರೆ ಬೇಕಾಗಿತ್ತು.

ಒಂದು ಸೋಮವಾರ ಬೆಳಿಗ್ಗೆ ಅಕ್ಕಾರು ಬಾಗಿ ಬಾಟಲಿ ತೊಳೆಯುತ್ತಿದ್ದಾಗ ನನ್ನ ಕಣ್ಣು ಅವರ ಹಣೆಯ ಮೇಲೆ ಬಿತ್ತು. ನಾಲ್ಕಾಣೆಯಷ್ಟು ಅಗಲದ ಕುಂಕುಮ, ಬೆವರಿಗೆ ಸ್ವಲ್ಪ ಕದಡಿತ್ತು. ಕುಂಕುಮದಲ್ಲಿ ಸೀಸದ ಬಣ್ಣ ಬೆರೆಸುತ್ತಾರೆಂದು ನಾನೇ ಎಷ್ಟೋ ವರದಿಗೆ ಸಹಿ ಹಾಕಿದ್ದೆ. ಕಳ್ಳ ಸಿಕ್ಕ ಎಂದು ಕುಣಿಯುವಷ್ಟು ಖುಷಿಯಾಯಿತು.

"ಅಕ್ಕಾರ, ನಿಮ್ಮ ಕುಂಕುಮ ಎಲ್ಲಿದು?"

"ನಮ್ಮವ್ವ ಮಾಡತಾಳ್ರಿ ಸಾಹೇಬ್ರ. ಅರಿಷಿಣ, ನಿಂಬಿಹಣ್ಣು, ಬಿಳಿಗಾರ. ಅಂಗಡಿದು ಹಚ್ಚಂಗಿಲ್ರಿ ನಾವು."

"ಅದನ್ನ ಯಂತ್ರ ಹೇಳ್ತದ. ಅಲ್ಲೀತನಕ ನೀವು ಕೆಳಗ, ಸ್ಯಾಂಪಲ್ ತಗೊಳ್ಳೋ ಟೇಬಲ್ಲಿಗೆ ಹೋಗ್ರಿ. ಹಣಿ ತೊಳ್ಕೊಳ್ರಿ. ಮನ್ಯಾಗೂ ಹಚ್ಕೋಬ್ಯಾಡ್ರಿ, ಚರ್ಮದಾಗ ಉಳೀತದ. ಖರೇ ಆದ್ರ ಆ್ಯಸಿಡ್ ಕೋಣಿಗೆ ಮತ್ತ ಬರೂದು ಆಗಂಗಿಲ್ಲ."

ಅವರು ಹಣೆ ತೊಳೆದು ಬಂದು, ಸೆರಗಿನ ಗಂಟಿನಿಂದ ಒಂದು ಸ್ಟೀಲಿನ ಪುಟ್ಟ ಡಬ್ಬಿ ತೆಗೆದು ನನ್ನ ಮೇಜಿನ ಮೇಲಿಟ್ಟರು. ನೆನೆಸಿಟ್ಟ ಬಾಟಲಿಗಳ ನೀರು ಮೂರು ಸಲ ಬದಲಿಸಲು ಹೇಳಿ ಕೆಳಗೆ ಹೋದರು. ಎಂಟು ವರ್ಷ ಆ ಕೋಣೆ ಅವರ ಕೈಯಲ್ಲಿತ್ತು. ಅವರ ಮಗ್ಗುಲಲ್ಲಿ ಕೆಲಸ ಕಲಿತ ಹುಡುಗಿಯರು ಇವತ್ತು ದೊಡ್ಡ ಕಂಪನಿಗಳಲ್ಲಿದ್ದಾರೆ. ನಾನು ಅದನ್ನೆಲ್ಲ ಆಗ ನೆನೆಯಲಿಲ್ಲ. ಮೂಲ ಸಿಕ್ಕಿದೆ, ಪಾತ್ರೆ ತೊಳೆಯುವವರ ಕುಂಕುಮ ಎಂದು ಮೇಡಂಗೆ ಹೆಮ್ಮೆಯಿಂದ ಮೇಲ್ ಬರೆದೆ.

ಬುಧವಾರ ಕುಂಕುಮವನ್ನು ಯಂತ್ರಕ್ಕೆ ಕೊಟ್ಟೆ. ಸೀಸ ಇಲ್ಲ. ಎರಡನೆಯ ಸಲ ಕೊಟ್ಟೆ. ಇಲ್ಲ. ನಮ್ಮ ಮನೆಯ ಅರಿಸಿನಕ್ಕಿಂತ ಶುದ್ಧ. ಯಂತ್ರ ಹಾಳೆ ಅಚ್ಚು ಹಾಕಿ ಕೊಟ್ಟಿತು, ನಾನು ಅದನ್ನು ಮೇಜಿನ ಡ್ರಾಯರಿನಲ್ಲಿ ಹಾಕಿ ಮುಚ್ಚಿದೆ. ಮೇಲ್ ಬರೆದಾಗಿತ್ತಲ್ಲ. ನಿಜವಾದ ಮೂಲ ಸಿಕ್ಕಮೇಲೆ ಎರಡನ್ನೂ ಒಟ್ಟಿಗೆ ಹೇಳಿದರಾಯಿತು ಎಂದುಕೊಂಡೆ. ಹೀಗೆ ಅಂದುಕೊಳ್ಳುವಾಗಲೂ ತಲೆ ಕೆರೆದುಕೊಳ್ಳುತ್ತಿದ್ದೆ.

ಶುಕ್ರವಾರ ಸಾತಾರೆಯಲ್ಲಿ ಹೆಂಡತಿಯ ಕಡೆಯವರ ಗೃಹಪ್ರವೇಶವಿತ್ತು, ರಜೆ ಹಾಕಿದ್ದೆ. ಶನಿವಾರ ಬಂದಾಗ ನನ್ನ ಕೈಕೆಳಗಿನ ಕೆಮಿಸ್ಟ್ ಹುಡುಗಿ ನಗುನಗುತ್ತ ಹಾಳೆ ತೋರಿಸಿದಳು, ಶುಕ್ರವಾರವಿಡೀ ಸೊನ್ನೆ. ನಾನೂ ನಕ್ಕೆ, ಬಾಟಲಿಗಳ ಮೇಲೆ ಬಾಗಿ ಮುಚ್ಚಳ ತೆಗೆದೆ, ಯಂತ್ರ ಶುರು ಮಾಡಿದೆ. ಹತ್ತು ನಿಮಿಷಕ್ಕೆ ಸೀಸ ಹಾಜರು.

ಸಿಟ್ಟು ನೆತ್ತಿಗೇರಿತು, ನಾನಿಲ್ಲದಾಗ ಅಕ್ಕಾರೇ ಬಂದು ಬಾಟಲಿ ಮುಟ್ಟಿರಬೇಕು ಎನಿಸಿತು. ಮೆಟ್ಟಿಲಿಳಿದು ಕೆಳಗೆ ಹೋದೆ. ಅಕ್ಕಾರು ಮೆಣಸಿನಪುಡಿಯ ಪೊಟ್ಟಣಕ್ಕೆ ಚೀಟಿ ಅಂಟಿಸುತ್ತಿದ್ದರು.

"ನಿನ್ನೆ ಮ್ಯಾಲ ಬಂದಿದ್ರೇನ್ರಿ?"

"ಇಲ್ರಿ. ಬಾ ಅಂದಿಲ್ಲಲ್ರಿ ನೀವು." ಅವರು ಚೀಟಿಯ ಮೂಲೆಯನ್ನು ಉಗುರಿನಿಂದ ಒತ್ತಿದರು. "ನೀವಿಲ್ಲದ ದಿನ ಮಶೀನ ಶಾಂತ ಇತ್ತಂತಲ್ರಿ ಸಾಹೇಬ್ರ."

"ಅಂದ್ರ?"

"ಎಲ್ಲಾರದೂ ನೋಡಿದ್ರಿ. ನಿಮ್ಮದು ಯಾವಾಗ ನೋಡ್ತೀರಿ?"

ಇದಕ್ಕೆ ಸರಿಯಾದ ಉತ್ತರ ಕೊಡಬೇಕೆಂದು ಬಾಯಿ ತೆರೆದೆ. ಯೋಚನೆ ಬರಲೆಂದು ಕೈ ತಾನಾಗಿ ತಲೆಗೆ ಹೋಯಿತು. ಅವರು ನನ್ನ ಕೈಯನ್ನೇ ನೋಡುತ್ತಿದ್ದರು.

ಇಲ್ಲಿ ನಾನು ಇದುವರೆಗೆ ಹೇಳದ ಒಂದು ವಿಷಯ ಹೇಳಬೇಕು. ಐವತ್ತು ದಾಟಿದ ಮೇಲೆ ನನ್ನ ತಲೆ ನರೆಯಿತು. ಬಣ್ಣ ಹಚ್ಚುವುದು ನನಗೆ ಹೀನಾಯವೆನಿಸಿತ್ತು, ಬಿಳಿ ತಲೆ ಅದಕ್ಕಿಂತ ಹೀನಾಯವೆನಿಸಿತ್ತು. ಕಾತ್ರಜದ ಬಸ್ ನಿಲ್ದಾಣದ ಬಳಿ ಒಬ್ಬ ಗಿಡಮೂಲಿಕೆಯ ಎಣ್ಣೆ ಮಾರುತ್ತಿದ್ದ. ಕೆಮಿಕಲ್ ಏನೂ ಇಲ್ಲ, ದಿನಾ ಹಚ್ಚಿದರೆ ಕೂದಲು ಮೆಲ್ಲಗೆ ಕಪ್ಪಾಗುತ್ತದೆ, ಪಕ್ಕದಲ್ಲಿ ಮಲಗಿದವರಿಗೂ ತಿಳಿಯುವುದಿಲ್ಲ ಎಂದ. ಅಡುಗೆ ಮನೆಯ ಉಪ್ಪನ್ನೂ ನಂಬದ ನಾನು ಅವನನ್ನು ನಂಬಿದೆ. ಆರು ತಿಂಗಳಿಂದ ದಿನಾ ಬೆಳಿಗ್ಗೆ ಸ್ನಾನದ ಕೋಣೆಯ ಚಿಲಕ ಹಾಕಿಕೊಂಡು ಹಚ್ಚುತ್ತಿದ್ದೆ. ಪ್ರಯೋಗಾಲಯದಲ್ಲಿ ತಲೆಗೆ ಟೊಪ್ಪಿಗೆ ಹಾಕಬೇಕೆಂಬ ನಿಯಮವಿದೆ, ಬರೆದವನೂ ನಾನೇ. ಆದರೆ ಹೊಸ ಕಪ್ಪು ಎದ್ದು ಕಾಣತೊಡಗಿದ ಮೇಲೆ ಅದನ್ನು ಮುಚ್ಚಿಡಲು ಮನಸ್ಸಾಗದೆ ಟೊಪ್ಪಿಗೆ ಬಿಟ್ಟಿದ್ದೆ.

ಮೇಲೆ ಹೋಗಿ ನಾಲ್ಕು ಕೂದಲು ಕಿತ್ತೆ. ಆ್ಯಸಿಡ್‌ನಲ್ಲಿ ಬೇಯಿಸಿ, ನೀರು ಬೆರೆಸಿ, ಯಾರೂ ನೋಡುತ್ತಿಲ್ಲವೆಂದು ಖಾತ್ರಿ ಮಾಡಿಕೊಂಡು ಯಂತ್ರಕ್ಕೆ ಕೊಟ್ಟೆ. ಪರದೆ ಕೆಂಪಾಯಿತು. ಸೀಸ ತನ್ನ ಲೆಕ್ಕದ ಮಿತಿ ಮೀರಿದೆ ಎಂದು ಹೇಳಿ ಯಂತ್ರ ಕೆಲಸ ನಿಲ್ಲಿಸಿಬಿಟ್ಟಿತು. ಡೀಸೆಲ್ ಕುಡಿದು ಅರಗಿಸಿಕೊಂಡ ಯಂತ್ರಕ್ಕೆ ನನ್ನ ತಲೆ ಅರಗಲಿಲ್ಲ. ಅದರ ಕೊಳವೆ ತೊಳೆಯಲು ಕೆಮಿಸ್ಟ್ ಹುಡುಗಿಗೆ ಎರಡು ಗಂಟೆ ಹಿಡಿಯಿತು. ಪಾಪ, ಅಷ್ಟು ಹೊತ್ತೂ ಅವಳು ನನ್ನ ಮುಖ ಬಿಟ್ಟು ಉಳಿದೆಲ್ಲ ಕಡೆ ನೋಡಿದಳು.

ಇಂಥದ್ದು ನಡೆದಾಗ ತುಂಬುವ ಒಂದು ನಮೂನೆಯಿದೆ. ಮೂಲ ಕಾರಣ ಎಂಬ ಜಾಗದಲ್ಲಿ 'ವಿಭಾಗ ಮುಖ್ಯಸ್ಥರ ತಲೆ' ಎಂದು ಬರೆದೆ, ಬೇರೆ ಸಭ್ಯ ಪದ ಹೊಳೆಯಲಿಲ್ಲ. ಮೇಡಂ ಓದಿ, "ಹೇ ಕಾಯ?" ಎಂದರು. ಇದೇನು ಎಂದರೆ ಏನು ಹೇಳಲಿ, ಬಾಗಿ ತೋರಿಸಿದೆ. ಅವರು ಕನ್ನಡಕ ತೆಗೆದು ಬಹಳ ಹೊತ್ತು ಒರೆಸಿದರು. ಆಮೇಲೆ ರಕ್ತ ಪರೀಕ್ಷೆ ಮಾಡಿಸಲು ಹೇಳಿದರು. ಸೀಸ ಮೈಗೆ ಹೋದರೆ ಸಿಟ್ಟು ಹೆಚ್ಚುತ್ತದಂತೆ ಎಂದು ಮನೆಗೆ ಫೋನ್ ಮಾಡಿ ಹೇಳಿದಾಗ ಹೆಂಡತಿ, "ಎಣ್ಣಿ ಹಚ್ಚಿದ್ದು ಆರು ತಿಂಗಳು ರೀ, ಸಿಟ್ಟಿನ ಹಿಸೇಬು ಮದ್ವಿ ದಿನದಿಂದ ಅದ" ಎಂದಳು. ಎಣ್ಣೆಯ ವಿಷಯ ಅವಳಿಗೆ ಮೊದಲ ವಾರವೇ ಗೊತ್ತಾಗಿತ್ತಂತೆ.

ಸಂಜೆ ಅಕ್ಕಾರನ್ನು ಮೇಲೆ ಕರೆದೆ. ಕೋಣೆ ನಿಮ್ಮದೇ, ನನ್ನಿಂದ ತಪ್ಪಾಯಿತು, ಸೀಸ ನನ್ನ ತಲೆಯದ್ದು ಎಂದೆ. ಅವರು ನಗುತ್ತಾರೆಂದುಕೊಂಡಿದ್ದೆ. ನಕ್ಕರೆ ನನಗೂ ಹಗುರಾಗುತ್ತಿತ್ತು.

"ನನ್ನ ಕುಂಕುಮದ ಕಾಗದ ಕೊಡ್ರಿ ಸಾಹೇಬ್ರ," ಎಂದರು. "ಏನೂ ಇಲ್ಲ ಅಂತ ಬರದದ್ದು."

"ಕಾಗದ ಯಾಕ್ರಿ?"

"ನಮ್ಮವ್ವಗ ತೋರಸ್ತೀನ್ರಿ. ಬಸ್ ಇಳದು ಹೋಗೂ ಮುಂದ ಮಂದಿ ಹಣಿ ನೋಡತಿದ್ರು. ಓಣ್ಯಾಗಿನಾಕಿ ಒಬ್ಬಾಕಿ ಮನಿಗೇ ಬಂದು, ಯಜಮಾನರಿಗೆ ಏನಾತವಾ, ಯಾವಾಗಾತು ಅಂತ ಅಳಕೋತ ಕೇಳಿದ್ಲು. ಅಂವ ಒಳಗ ಕುಂತು ರೊಟ್ಟಿ ತಿನ್ನಾಕತ್ತಿದ್ದ."

ನನಗೆ ನಗು ಬಂತು, ಅರ್ಧದಲ್ಲೇ ನಿಂತಿತು, ಯಾಕೆಂದರೆ ಅವರ ಕಣ್ಣು ತುಂಬಿತ್ತು. ಡ್ರಾಯರ್ ಎಳೆದು ಹಾಳೆ ತೆಗೆದೆ, ಸಹಿ ಹಾಕಿದೆ, ಮೊಹರು ಒತ್ತಿದೆ. ಸೀಸ ಎಂದಿರುವ ಸಾಲನ್ನೂ ಅದರ ಮುಂದಿನ 'ಇಲ್ಲ' ಎಂಬುದನ್ನೂ ಬೆರಳಿಟ್ಟು ತೋರಿಸಿದೆ. ಅವರು ಅಲ್ಲಿ ನೋಡಲಿಲ್ಲ. ಹಾಳೆಯ ಮೇಲ್ಗಡೆ ಮೂಲೆಯಲ್ಲಿ ಯಂತ್ರ ತಾನೇ ಅಚ್ಚು ಹಾಕುವ ಅಂಕಿಗಳ ಮೇಲೆ ಅವರ ಬೆರಳು ನಿಂತಿತು.

"ಈ ತಾರೀಖು ಬುಧವಾರದ್ದು ಅಲ್ರಿ?"

ಹೌದು ಎಂದೆ.

"ಆಕಿ ಅಳಕೋತ ಬಂದಿದ್ದು ಗುರುವಾರ್ರಿ."

ಅಷ್ಟು ಹೇಳಿ ಹಾಳೆಯನ್ನು ನಾಲ್ಕು ಮಡಿಕೆ ಮಾಡಿ ಸೆರಗಿಗೆ ಗಂಟು ಹಾಕಿದರು. ನನ್ನ ಕೈ ಅಭ್ಯಾಸಬಲದಿಂದ ತಲೆಯ ಕಡೆ ಏರಿ ಮಧ್ಯದಲ್ಲೇ ನಿಂತಿತು. ಅವರು ತಮ್ಮ ಡಬ್ಬಿ ತೆಗೆದು, ಯಂತ್ರದ ಗಾಜಿನಲ್ಲಿ ಮುಖ ನೋಡಿಕೊಂಡು, ಅವಸರವಿಲ್ಲದೆ ಕುಂಕುಮ ಇಟ್ಟುಕೊಂಡರು. ಆಮೇಲೆ ಬಾಗಿಲ ಪಕ್ಕದ ಪೆಟ್ಟಿಗೆಯಿಂದ ಒಂದು ಟೊಪ್ಪಿಗೆ ತೆಗೆದು ನನ್ನ ಕೈಗೆ ಕೊಟ್ಟರು.

"ಇದನ್ನ ಹಾಕ್ಕೊಂಡು ಒಳಗ ಬರ್ರಿ," ಎಂದು ಹೇಳಿ ಬಾಟಲಿ ತೊಳೆಯಲು ಹೋದರು.