ಎಡಗೈ ಗಟ್ಟಿಯಿರುವಾಗ

ಸತ್ತ ಮನುಷ್ಯನ ಅಂಗೈಯಲ್ಲಿ ಲಿಂಗ ನಿಲ್ಲುವುದಿಲ್ಲ. ಇದನ್ನು ನಾನು ಕಣ್ಣಾರೆ ಕಂಡದ್ದು ಚನ್ನಗಿರಿಯಲ್ಲಿ, ನನ್ನ ಅಕ್ಕನ ಮಾವ ತೀರಿಕೊಂಡ ದಿನ. ನಮ್ಮಲ್ಲಿ ಹೆಣವನ್ನು ಕೂರಿಸಿ, ಎಡಗೈಯಲ್ಲಿ ಲಿಂಗವಿಟ್ಟು ಸಮಾಧಿ ಮಾಡುತ್ತಾರೆ. ಬದುಕಿರುವಾಗಲೇ ಗುರುವಿನಿಂದ ದೀಕ್ಷೆ ಪಡೆದು ಆ ಲಿಂಗವನ್ನು ದಿನವೂ ಅದೇ ಅಂಗೈಯಲ್ಲಿಟ್ಟು ಪೂಜಿಸಬೇಕು ಎಂಬುದೂ ಪದ್ಧತಿಯೇ. ಆದರೆ ಆ ಹಿರಿಯರಿಗೆ ಎಂಬತ್ತು ದಾಟುವವರೆಗೂ ಅದಕ್ಕೆ ಪುರುಸೊತ್ತಾಗಿರಲಿಲ್ಲ. ತೊಟ್ಟಿಲಲ್ಲಿದ್ದಾಗ ಅವರಿಗೆ ಕಟ್ಟಿದ್ದ ಲಿಂಗ ಎಲ್ಲಿ ಹೋಯಿತೆಂದು ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಬೆಳಿಗ್ಗೆ ಯಾರನ್ನೋ ಪೇಟೆಗೆ ಓಡಿಸಿ ಹೊಸದೊಂದು ತರಿಸಿದರು. ಪ್ಲಾಸ್ಟಿಕ್ ಡಬ್ಬಿಯಿಂದ ತೆಗೆದು ಅಂಗೈಯಲ್ಲಿ ಇಟ್ಟರು, ಬಿತ್ತು. ಮತ್ತೆ ಇಟ್ಟರು, ಮತ್ತೆ ಬಿತ್ತು. ಕೊನೆಗೆ ಬೆರಳುಗಳನ್ನು ಮಡಚಿ ಬಿಳಿ ದಾರದಿಂದ ಬಿಗಿದರು. ದೀಕ್ಷೆ ಕೊಡುವ ಅಯ್ಯನವರು ಬಗ್ಗಿ ಕಿವಿಯಲ್ಲಿ ಮಂತ್ರ ಹೇಳಿದರು.

ಸುತ್ತ ನಿಂತವರೆಲ್ಲ ಪುಣ್ಯವಂತರು, ಪುಣ್ಯವಂತರು ಎಂದರು. ಅಕ್ಕ ನನ್ನ ಪಕ್ಕದಲ್ಲಿದ್ದಳು. ಸೆರಗಿನಿಂದ ಬಾಯಿ ಮುಚ್ಚಿಕೊಂಡು, ನನಗೆ ಮಾತ್ರ ಕೇಳುವಂತೆ ಹೇಳಿದಳು: "ಕೇಳೋ ಕಿವಿ ಇದ್ದಾಗ ಯಾರೂ ಹೇಳ್ಲಿಲ್ಲ ನೋಡೆ."

ಅದಾದ ಮುಂದಿನ ವರ್ಷದ ಬೇಸಿಗೆಯಲ್ಲಿ ಅವಳಿಗೇ ಲಕ್ವ ಹೊಡೆಯಿತು. ದೊಡ್ಡದಲ್ಲ. ರೊಟ್ಟಿ ತಟ್ಟುತ್ತಿದ್ದವಳ ಎಡಗೈ ಹಿಟ್ಟಿನ ಮೇಲೆಯೇ ನಿಂತುಬಿಟ್ಟಿತು. ದಾವಣಗೆರೆಗೆ ಕರೆದುಕೊಂಡು ಹೋದರು. ಕೈ ಬಹುಮಟ್ಟಿಗೆ ಮರಳಿ ಬಂತು, ಸಣ್ಣ ನಡುಕವೊಂದು ಉಳಿಯಿತು. ಇನ್ನೊಂದು ಸಲ ಹೊಡೆಯಬಹುದು, ಯಾವಾಗ ಎಂದು ಹೇಳಲಾಗದು ಎಂದು ಡಾಕ್ಟರು ಅವಳ ಎದುರಿಗೇ ಹೇಳಿದರು. ಅಕ್ಕ ಅಳಲಿಲ್ಲ. ಹೊನ್ನಾಳಿಯಿಂದ ನೋಡಲು ಹೋದ ನನ್ನ ಮುಂದೆ ಎಡಗೈ ಚಾಚಿ, ಅಂಗೈ ಮೇಲೆ ಒಂದು ನಿಂಬೆಹಣ್ಣು ಇಟ್ಟುಕೊಂಡು ತೋರಿಸಿದಳು. ಹಣ್ಣು ನಡುಗಿತು, ಬೀಳಲಿಲ್ಲ.

"ಇನ್ನೂ ನಿಲ್ತೈತೆ," ಎಂದಳು. "ನಿಲ್ಲೋವಾಗ್ಲೇ ಇದರ ಮೇಲೆ ಲಿಂಗ ಇಟ್ಕೋಬೇಕು ಕಣೆ. ದಿನಾ ಬೆಳಿಗ್ಗೆ ಒಂದು ಗಂಟೆ. ನನಗೆ ಇನ್ನೇನೂ ಬ್ಯಾಡ."

ಆವತ್ತೇ ಊಟದ ಹೊತ್ತಿಗೆ ಮಾತು ತೆಗೆದಳು. ಭಾವ ಇದ್ದರು, ಭಾವನ ಅಣ್ಣ ಇದ್ದರು. ಅವರನ್ನು ನಾನು ದೊಡ್ಡ ಭಾವ ಎನ್ನುತ್ತೇನೆ. ಪಾತ್ರೆ ಅಂಗಡಿಯ ಬೀಗದ ಕೈಯೂ ಅವರ ಹತ್ತಿರ, ಮನೆಯ ತೀರ್ಮಾನವೂ ಅವರದು.

"ನ್ಯಾಮತಿ ಅಯ್ನೋರನ್ನ ಕರೆಸಿ ನನಗೆ ದೀಕ್ಷೆ ಕೊಡಿಸ್ರಿ," ಎಂದಳು ಅಕ್ಕ.

ಭಾವ ಅಣ್ಣನ ಮುಖ ನೋಡಿದರು. ದೊಡ್ಡ ಭಾವ ಮಜ್ಜಿಗೆ ಅನ್ನ ಕಲಸುವುದನ್ನು ನಿಲ್ಲಿಸಲಿಲ್ಲ. "ಈಗ್ಯಾಕಮ್ಮಾ? ಲಕ್ವ ಹೊಡೆದ ಮೇಲೆ ಅಯ್ನೋರನ್ನ ಮನೆಗೆ ಕರೆಸಿದ್ರೆ ಓಣಿಯವರು ಏನಂತಾರೆ? ಇವಳು ಹೋಗಾಕೆ ರೆಡಿ ಆಗ್ಯಾಳೆ ಅಂತಾರೆ. ಜಗಳೂರಿನವರು ನಮ್ಮ ಹುಡುಗೀನ ನೋಡಾಕೆ ಬರೋರು ಬ್ಯಾರೆ."

"ಹೋಗಾಕೆ ಅಲ್ಲ ಭಾವಾರೆ, ಇರಾಕೆ ಕೇಳ್ತಿರೋದು."

"ಇರು. ಯಾರು ಬ್ಯಾಡ ಅಂದ್ರು? ಇನ್ನೂ ಟೈಮ್ ಐತೆ. ಮಗಳ ಮದುವೆ ಮುಗೀಲಿ, ಆಮೇಲೆ ಬೆಳಗಿನಿಂದ ಸಂಜೆ ತನಕ ಪೂಜೆ ಮಾಡ್ಕಂಡು ಕೂತ್ಕೋ."

ಭಾವ ತಮ್ಮದೂ ಒಂದು ಸೇರಿಸಿದರು. "ದೀಕ್ಷೆ ಆದ್ಮೇಲೆ ಪೂಜೆ ಮುಗಿಯೋ ತನಕ ಏನೂ ತಿನ್ನಂಗಿಲ್ಲ. ಮಾತ್ರೆ ಹೆಂಗೆ ತಗಂತೀಯ?"

"ಒಂದು ತಾಸು ಮುಂಚೆ ಏಳ್ತೀನಿ."

ಭಾವನ ಪ್ರಶ್ನೆ ಕಾಳಜಿಯದು ಎಂದು ನಾನು ಒಪ್ಪುತ್ತೇನೆ. ಆದರೆ ಆ ಮನೆಯಲ್ಲಿ ಯಾರ ಹೊತ್ತು ಎಲ್ಲಿ ಹೋಗುತ್ತದೆ ಎಂಬುದನ್ನೂ ನಾನು ನೋಡಿದ್ದೇನೆ. ಬೆಳಿಗ್ಗೆ ಎದ್ದ ಕೂಡಲೇ ಅಣ್ಣತಮ್ಮಂದಿರು ಕಟ್ಟೆಯ ಮೇಲೆ ಮೊಬೈಲ್ ಹಿಡಿದು ಕೂರುತ್ತಾರೆ. ಎಲ್ಲಿಯದೋ ಜಗಳ, ಯಾರದೋ ಭಾಷಣ, ಯಾರೋ ಬಾವಿಗೆ ಬಿದ್ದದ್ದು. ಎರಡು ಸಲ ಚಹಾ ಒಳಗಿನಿಂದ ಹೋಗುತ್ತದೆ. ಅದನ್ನು ಒಯ್ಯುವವಳು ಅಕ್ಕ. ಆ ಹೊತ್ತು ಪೋಲಾಯಿತು ಎಂದು ಅಲ್ಲಿ ಯಾರಿಗೂ ಅನ್ನಿಸಿದ್ದಿಲ್ಲ. ಹೆಂಗಸೊಬ್ಬಳು ದೇವರಿಗೆ ಒಂದು ಗಂಟೆ ಕೇಳಿದಾಗ ಮಾತ್ರ ಅದಕ್ಕೆ ಮುಹೂರ್ತ ಬೇಕು, ಓಣಿಯ ಒಪ್ಪಿಗೆ ಬೇಕು, ಮಗಳ ಮದುವೆ ಮುಗಿದಿರಬೇಕು. ನಾನು ಅರ್ಧ ಊಟಕ್ಕೇ ತಟ್ಟೆ ಎತ್ತಿಕೊಂಡು ಎದ್ದೆ.

"ನಡಿ, ನಾನು ಕರೆದುಕೊಂಡು ಹೋಗುತ್ತೇನೆ ನ್ಯಾಮತಿಗೆ," ಎಂದೆ ಅಕ್ಕನಿಗೆ, ಹಿತ್ತಲಲ್ಲಿ.

"ಬ್ಯಾಡ. ಕದ್ದು ಹೋಗಾಕೆ ಇದೇನು ಸಿನಿಮಾನಾ? ಮನೆಯವರ ಎದುರಿಗೆ ಆಗ್ಲಿ. ಕಾಯ್ತೀನಿ."

ಜಗಳೂರಿನವರು ಆಷಾಢ ಶುರುವಾಗುವ ಮುಂಚೆ ಬಂದರು. ನಾನೂ ಹೋಗಿದ್ದೆ. ಗಂಡಿನ ಅಜ್ಜಿ ಜೊತೆಗಿದ್ದರು. ಕೊರಳಲ್ಲಿ ಲಿಂಗವಿಡುವ ಬೆಳ್ಳಿಯ ಕರಡಿಗೆ, ಹಣೆಯ ತುಂಬ ವಿಭೂತಿ. ತಟ್ಟೆಯಲ್ಲಿ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ಬಂದಾಗ ಅಜ್ಜಿ ಕೈ ಅಡ್ಡ ಹಿಡಿದರು. "ದಾರಿಯಾಗೆ ಹೊತ್ತಾತು, ನನ್ನ ಪೂಜೆ ಆಗಿಲ್ಲ. ಒಂಚೂರು ಜಾಗ ತೋರಿಸ್ರಿ."

ಆಗ ನೋಡಬೇಕಿತ್ತು ಆ ಮನೆಯನ್ನು. ಮಣೆ ಬಂತು, ಮಡಿ ನೀರು ಬಂತು. ದೊಡ್ಡ ಭಾವ ತಾವೇ ಪಕ್ಕದ ಮನೆಯ ಕಾಂಪೌಂಡಿಗೆ ಹೋಗಿ ಪತ್ರೆ ಕಿತ್ತು ತಂದರು. ಟಿವಿ ಆರಿಸಿದರು. ಒಂದು ಗಂಟೆ ಯಾರೂ ಗಟ್ಟಿಯಾಗಿ ಮಾತಾಡಲಿಲ್ಲ. ಇಷ್ಟು ದಿನ ಸಿಗದ ಹೊತ್ತು, ಜಾಗ, ಮೌನ, ಎಲ್ಲವೂ ಆ ಮನೆಯಲ್ಲಿಯೇ ಇದ್ದವು. ಅಕ್ಕ ಬಾಗಿಲಿಗೆ ಒರಗಿ ಅಜ್ಜಿಯ ಅಂಗೈಯನ್ನೇ ನೋಡುತ್ತ ನಿಂತಿದ್ದಳು.

ಪೂಜೆ ಮುಗಿಸಿ ಅಜ್ಜಿ ಅವಳನ್ನು ಕರೆದರು. "ಹಂಗ್ಯಾಕೆ ನೋಡ್ತೀಯವ್ವಾ? ನಿನಗೆ ದೀಕ್ಷೆ ಆಗೈತೇನು?"

ಅಕ್ಕ ಬಾಯಿ ತೆರೆಯುವ ಮುಂಚೆ ದೊಡ್ಡ ಭಾವ ಹೇಳಿದರು: "ಆಗ್ತದೆ ಬಿಡ್ರಿ ಅಮ್ಮ. ಅವಳಿಗಿನ್ನೂ ಟೈಮ್ ಐತೆ."

"ಐತೆ ಅಂತ ನಿಮಗೆ ಫೋನ್ ಬಂದಿತ್ತೇನು ಮೇಲಿಂದ?"

ಎಲ್ಲರೂ ನಕ್ಕರು. ದೊಡ್ಡ ಭಾವನೂ ನಕ್ಕರು. ಅಜ್ಜಿ ನಗಲಿಲ್ಲ. "ನಮ್ಮ ಮನೆಗೆ ಬರೋ ಹುಡುಗಿಯ ತಾಯಿ ಲಿಂಗ ಕಟ್ಟಿದೋಳು ಅಂದ್ರೆ ನಮಗೆ ಸಂತೋಷ," ಎಂದರು.

ಆ ಒಂದು ಮಾತಿಗೆ ಮನೆಯ ಗಾಳಿ ತಿರುಗಿತು. ಓಣಿಯ ಭಯ ಹೋಯಿತು. ಇನ್ನು ಅಕ್ಕನ ದಾರಿ ಸಲೀಸು ಎಂದುಕೊಂಡು ನಾನು ಹೊನ್ನಾಳಿಗೆ ಮರಳಿದೆ. ಆದದ್ದು ಬೇರೆ. ಬೀಗರಿಗೆ ಸಂತೋಷವಾಗುವ ಸಂಗತಿಯನ್ನು ನಾಲ್ಕು ಗೋಡೆಗಳ ಒಳಗೆ ಮುಗಿಸುವುದು ದೊಡ್ಡ ಭಾವನಿಗೆ ಸರಿ ಕಾಣಲಿಲ್ಲ. ನಿಶ್ಚಿತಾರ್ಥದ ದಿನವೇ, ಕಲ್ಯಾಣ ಮಂಟಪದಲ್ಲಿ, ಇಬ್ಬರು ಸ್ವಾಮಿಗಳನ್ನು ಕರೆಸಿ ದೀಕ್ಷೆ ಎಂದು ತೀರ್ಮಾನಿಸಿದರು. ಶ್ರಾವಣದಲ್ಲಿ ಅಂಗಡಿಗೆ ವ್ಯಾಪಾರದ ಕಾಲ, ಆದ್ದರಿಂದ ಅದು ಬೇಡ. ಆಮೇಲೆ ಸಿಕ್ಕ ದಿನ ಒಬ್ಬ ಸ್ವಾಮಿಗಳಿಗೆ ಬಿಡುವಿಲ್ಲ, ಆದ್ದರಿಂದ ಅದೂ ಬೇಡ. ದೀಪಾವಳಿ ಕಳೆಯಲಿ ಎಂದರು. ಬ್ಯಾನರಿನ ನಮೂನೆಯನ್ನು ನನ್ನ ಫೋನಿಗೂ ಕಳಿಸಿದರು. ಮೇಲೆ ಸ್ವಾಮಿಗಳು. ಕೆಳಗೆ ಕೈ ಮುಗಿದು ನಿಂತ ದೊಡ್ಡ ಭಾವ, ಅವರ ಪಕ್ಕ ಭಾವ. ಅಕ್ಕನ ಚಿತ್ರ ಅದರಲ್ಲಿರಲಿಲ್ಲ. ನಾನು ಎರಡು ಸಲ ನೋಡಿದೆ, ಇರಲಿಲ್ಲ.

ಮೊದಲು ಭಯಕ್ಕೆ ಮುಂದೂಡಿದರು, ಆಮೇಲೆ ಜಂಬಕ್ಕೆ ಮುಂದೂಡಿದರು. ಎರಡು ಸಲವೂ ತಮ್ಮ ಹೊತ್ತನ್ನು ಕಳೆದುಕೊಳ್ಳಲಿಲ್ಲ. ಖರ್ಚಾದದ್ದು ಅವಳದು.

ಒಂದು ಬೆಳಿಗ್ಗೆ ಅಕ್ಕನ ಫೋನು ಬಂತು. "ನಿಂಬೆಹಣ್ಣು ಉರುಳಿತು ಕಣೆ," ಎಂದಳು. "ಮತ್ತೆ ಇಟ್ಟೆ, ಮತ್ತೆ ಉರುಳಿತು. ನಾಳೆ ಮೊದಲನೇ ಬಸ್ಸಿಗೆ ಬರ್ತೀನಿ. ಹೊನ್ನಾಳಿ ಸ್ಟ್ಯಾಂಡಿನಾಗೆ ಇರು. ನ್ಯಾಮತಿಗೆ ಹೋಗಾಣ."

"ಮನೆಯಲ್ಲಿ ಹೇಳಿದೆಯಾ?"

"ಹೇಳಿದೆ. ಹೋಗ್ತೀನಿ ಅಂತ ಹೇಳಿದೆ. ಹೋಗ್ಲಾ ಅಂತ ಕೇಳ್ಲಿಲ್ಲ."

ಬಸ್ಸಿನಿಂದ ಅವಳು ಒಬ್ಬಳೇ ಇಳಿದಳು. ತೊಟ್ಟಿಲಲ್ಲಿ ತನಗೆ ಕಟ್ಟಿದ್ದ ಲಿಂಗವನ್ನು ಕುಪ್ಪಸದ ಕಣದಲ್ಲಿ ಸುತ್ತಿ ಚೀಲದಲ್ಲಿಟ್ಟುಕೊಂಡಿದ್ದಳು. ದಾರಿಯುದ್ದಕ್ಕೂ ಆ ಚೀಲ ಅವಳ ತೊಡೆಯ ಮೇಲಿತ್ತು. ಒಂದು ಗುಟುಕು ನೀರು ಸಹ ಕುಡಿದಿರಲಿಲ್ಲ.

ನ್ಯಾಮತಿಯ ಅಯ್ಯನವರು ವಯಸ್ಸಾದವರು, ಚಿಕ್ಕ ಮನೆ. ನಮ್ಮನ್ನು ನೋಡಿ ಎದ್ದು ನಿಂತರು, ಆದರೆ ಒಳಗೆ ಕರೆಯಲು ತಡೆದರು. "ನಿಮ್ಮ ಮನೆಯಿಂದ ಈಗ್ತಾನೆ ಫೋನ್ ಬಂದಿತ್ತವ್ವಾ. ಸಮಾರಂಭ ಐತೆ, ಅವಸರ ಮಾಡ್ಬೇಡ್ರಿ ಅಂದ್ರು. ದೊಡ್ಡೋರ ಮಾತು..."

ನನಗೆ ಮೈ ಉರಿಯಿತು. ಅಕ್ಕ ನನ್ನ ತೋಳು ಹಿಡಿದಳು. ನಂತರ ಎಡಗೈಯನ್ನು ಅಯ್ಯನವರ ಮುಂದೆ ಚಾಚಿದಳು. ಅದು ನಡುಗುತ್ತಿತ್ತು. ತಡೆಯಲು ಅವಳು ಪ್ರಯತ್ನಿಸಲಿಲ್ಲ.

"ಇದನ್ನ ನೋಡಿ ಹೇಳ್ರಿ ಅಯ್ನೋರೇ. ಸಮಾರಂಭದ ತನಕ ಇದು ಇರ್ತೈತೆ ಅಂತ ನೀವು ಹೇಳಿದ್ರೆ ಈಗ್ಲೇ ವಾಪಸ್ ಹೋಗ್ತೀನಿ."

ಅಯ್ಯನವರು ಬಗ್ಗಿ ಆ ಕೈಯನ್ನು ನೋಡಿದರು. ಒಳಗಿನಿಂದ ಅವರ ಹೆಂಡತಿ ಕೂಗಿ ಹೇಳಿದರು: "ಹೂಂ, ಹೇಳ್ರಿ ನೋಡಾಣ! ನಾಳೆ ಮಳೆ ಬರ್ತದೋ ಇಲ್ವೋ ಅದನ್ನೇ ಹೇಳಾಕೆ ಬರಲ್ಲ ನಿಮಗೆ." ಅಯ್ಯನವರ ಮುಖ ಸಡಿಲವಾಯಿತು. "ಸ್ನಾನ ಮಾಡಿ ಬರ್ತೀನಿ. ಕೂತ್ಕೊಳ್ರವ್ವಾ," ಎಂದರು.

ಅರ್ಧ ಕತ್ತಲೆಯ ಒಂದು ಕೋಣೆ. ವಿಭೂತಿ, ಪತ್ರೆ, ಒಂದು ತಂಬಿಗೆ ನೀರು. ಅಷ್ಟೇ. ಅಂಗೈಯಲ್ಲಿಟ್ಟ ಲಿಂಗ ಅಲುಗಾಡುತ್ತಿತ್ತು. ಅಕ್ಕ ಗಾಬರಿಯಿಂದ ಬೆರಳು ಬಿಗಿಹಿಡಿಯಲು ಹೊರಟಳು. "ನಡುಗ್ಲಿ ಬಿಡ್ರಿ," ಎಂದರು ಅಯ್ಯನವರು, "ಬಲಗೈ ಕೆಳಗೆ ಕೊಡ್ರಿ." ಅವಳು ಕೊಟ್ಟಳು. ಅವರು ಬಗ್ಗಿ ಬಲಗಿವಿಯಲ್ಲಿ ಮಂತ್ರ ಹೇಳಿದಾಗ, ಕೇಳಿಸಿತೆಂದು ಅವಳು ತಲೆಯಾಡಿಸಿದಳು. ಗೋಡೆಯ ಪಕ್ಕ ಕೂತಿದ್ದ ನನಗೆ ಆ ತಲೆಯಾಡಿಸಿದ್ದು ಇವತ್ತಿಗೂ ಕಣ್ಣ ಮುಂದಿದೆ. ಅವಳಿಗೆ ಬೇಕಾಗಿದ್ದದ್ದು ಇದೊಂದೇ. ಇದಕ್ಕೆ ಮಂಟಪ ಬೇಕಿರಲಿಲ್ಲ.

ಸಂಜೆ ನಾನೂ ಜೊತೆಗೆ ಚನ್ನಗಿರಿಗೆ ಹೋದೆ. ದೊಡ್ಡ ಭಾವ ಕಟ್ಟೆಯ ಮೇಲೆಯೇ ಇದ್ದರು. "ಮಂಟಪ ಬುಕ್ ಆಗೈತೆ, ಕಾರ್ಡ್ ಹಂಚಾಗೈತೆ. ಈಗ ಜನಕ್ಕೆ ಏನು ಹೇಳ್ಲಮ್ಮಾ ನಾನು?"

"ಆಗೈತೆ ಅಂತ ಹೇಳ್ರಿ," ಎಂದು ಅಕ್ಕ ಕಾಲು ತೊಳೆದು ಒಳಗೆ ಹೋದಳು.

ಮರುದಿನದಿಂದ ಅವಳ ಒಂದು ಗಂಟೆ ಅವಳದಾಯಿತು. ಮೊದಮೊದಲು ಹೊರಗಿನಿಂದ ಚಹಾ ಚಹಾ ಎಂಬ ಕೂಗು ಬರುತ್ತಿತ್ತಂತೆ. ಅವಳು ಏಳಲಿಲ್ಲ. ನಾಲ್ಕಾರು ದಿನಕ್ಕೆ ಕೂಗು ನಿಂತಿತು, ಭಾವ ಒಲೆ ಹಚ್ಚುವುದನ್ನು ಕಲಿತರು. ದೀಪಾವಳಿಯ ಮೇಲೆ ನಿಶ್ಚಿತಾರ್ಥ ನಡೆಯಿತು. ಬ್ಯಾನರ್ ಹಾಗೆಯೇ ನಿಂತಿತು. ಮನೆಯ ಹೆಣ್ಣುಮಗಳಿಗೆ ಮುಂದೆ ನಿಂತು ದೀಕ್ಷೆ ಕೊಡಿಸಿದವರೆಂದು ವೇದಿಕೆಯಲ್ಲಿ ದೊಡ್ಡ ಭಾವನಿಗೆ ಶಾಲು ಹೊದಿಸಿದರು. ಜನ ಚಪ್ಪಾಳೆ ತಟ್ಟಿದರು. ನಾನು ತಟ್ಟಲಿಲ್ಲ.

ಎರಡನೆಯ ಸಲ ಲಕ್ವ ಹೊಡೆದದ್ದು ಮುಂದಿನ ಬೇಸಿಗೆಯಲ್ಲಿ, ಮಗಳು ಮದುವೆಯಾಗಿ ಜಗಳೂರಿಗೆ ಹೋದ ಮೇಲೆ. ಎಡ ಭಾಗ ಪೂರ್ತಿ ಹೋಯಿತು, ಮಾತು ತೊದಲಾಯಿತು. ತನ್ನ ಕೈಯಲ್ಲಿ ತಾನೇ ಲಿಂಗ ಹಿಡಿದು ಕೂರಲು ಅವಳಿಗೆ ಸಿಕ್ಕದ್ದು ಒಂದು ಚಳಿಗಾಲ. ಅದರ ಹಿಂದಿನ ಬೇಸಿಗೆ, ಮಳೆಗಾಲ ಎರಡೂ ಸಿಗಬಹುದಿತ್ತು. ಆಗ ಕೈ ಇನ್ನೂ ಗಟ್ಟಿಯಿತ್ತು. ಅವುಗಳನ್ನು ಕಿತ್ತುಕೊಂಡದ್ದು ರೋಗವಲ್ಲ. ಮನುಷ್ಯರು.

ಮೊನ್ನೆ ಹೋಗಿದ್ದೆ. ಈಗ ಬೆಳಿಗ್ಗೆ ಭಾವ ಸ್ನಾನ ಮಾಡಿ ಬಂದು ಅವಳ ಪಕ್ಕ ಕೂರುತ್ತಾರೆ. ಸ್ವಾಧೀನವಿಲ್ಲದ ಆ ಎಡಗೈಯನ್ನು ತಮ್ಮ ಅಂಗೈ ಮೇಲೆ ಎತ್ತಿ ಹಿಡಿಯುತ್ತಾರೆ. ಅವಳು ಬಲಗೈಯಿಂದ ಲಿಂಗವಿಟ್ಟು, ನೀರೆರೆದು, ಪತ್ರೆ ಏರಿಸುತ್ತಾಳೆ. ಇದನ್ನು ನೋಡಿದ ಮೇಲೂ ನನ್ನ ಸಿಟ್ಟು ಪೂರ್ತಿ ಇಳಿಯಲಿಲ್ಲ, ಸುಳ್ಳೇಕೆ ಹೇಳಲಿ.

ಪೂಜೆಗೆ ಕೂರುವ ಹೊತ್ತಿಗೆ ದೊಡ್ಡ ಭಾವ ಬಂದು ಬಾಗಿಲಲ್ಲಿ ನಿಂತರು. "ಆವತ್ತು ನಾವು ಮಾಡಿಸಿದ್ದು ಒಳ್ಳೇದಾತು ನೋಡಮ್ಮಾ," ಎಂದರು ನನಗೆ.

"ನೀವು ಮಾಡಿಸಲಿಲ್ಲ," ಎಂದೆ.

ಅವರ ಮುಖ ಕೆಂಪಾಯಿತು. ಅಕ್ಕ ನನ್ನ ಕಡೆ ನೋಡಲಿಲ್ಲ. ಬಲಗೈಯಿಂದ ತನ್ನೆದುರಿನ ಖಾಲಿ ಮಣೆಯನ್ನು ತಟ್ಟಿ, ಒಂದೊಂದೇ ಅಕ್ಷರ ಹುಡುಕಿ ಹುಡುಕಿ ಹೇಳಿದಳು: "ನೀ... ನೀವೂ... ಕೂತ್ಕೊಳ್ರಿ ಭಾವಾರೆ."

"ಇನ್ನೊಂದು ದಿನ ಕೂತ್ಕೋತೀನಮ್ಮಾ. ಅಂಗಡಿ ಬಾಗಿಲು ತೆಗೀಬೇಕು," ಎಂದರು. ಎರಡೂ ಕೈ ಗಟ್ಟಿಯಿರುವ ಆ ಮನುಷ್ಯ ಹೊಸ್ತಿಲಾಚೆ ಬಗ್ಗಿ ಚಪ್ಪಲಿ ಮೆಟ್ಟಿಕೊಂಡು ಹೊರಟುಹೋದರು.