ಸೋಪಮ್ಮನ ಹಿತ್ತಲ ಬಳ್ಳಿ

ಆಸ್ಪತ್ರೆಯವರೆಲ್ಲ ಬೆನ್ನ ಹಿಂದೆ ಅವಳನ್ನು ಸೋಪಮ್ಮ ಎನ್ನುತ್ತಿದ್ದರು. ಅದು ಅವಳಿಗೂ ಗೊತ್ತಿತ್ತು. ಬೇಸರದ ಮಾತಿರಲಿ, ಒಳಗೊಳಗೇ ಹೆಮ್ಮೆ. ಇಪ್ಪತ್ತಾರು ವರ್ಷ ಮೂರನೇ ಮಹಡಿಯ ಲ್ಯಾಬಿನಲ್ಲಿ ಕೂತು ಊರವರ ರಕ್ತ, ಕಫಗಳಲ್ಲಿ ಏನೇನು ಹರಿದಾಡುತ್ತದೆಂದು ಕಂಡವಳು ಕೈ ತೊಳೆಯದೆ ಇನ್ನೇನು ಮಾಡಿಯಾಳು? ಬಾಗಿಲ ಚಿಲಕ ಮುಟ್ಟಿದರೆ ಸೋಪು, ಬಸ್ಸಿನ ಕಂಬಿ ಹಿಡಿದರೆ ಸೋಪು, ಗಂಡ ತರಕಾರಿ ತಂದರೆ ತರಕಾರಿಗೂ ಸೋಪು. "ನನ್ನನ್ನೂ ಕುದಿಸಿಯೇ ಮದುವೆಯಾದಳು" ಎಂದು ಆತ ಬಂದವರ ಮುಂದೆ ನಗುತ್ತಿದ್ದ.

ಆದರೆ ಕೆಲಸದಲ್ಲಿ ಅವಳತ್ತ ಯಾರೂ ಬೆರಳು ತೋರಿಸುವ ಹಾಗಿರಲಿಲ್ಲ. ಒಂಬತ್ತು ವರ್ಷದ ಹಿಂದೆ, ಆಸ್ಪತ್ರೆಯ ಬಟ್ಟೆ ಒಗೆಯುವ ಲಾಂಡ್ರಿ ಅಕ್ಕನ ಮಗಳಿಗೆ ಬಿಡದ ಜ್ವರ ಬಂದಿತ್ತು. ರಕ್ತದಲ್ಲಿ ಏನೂ ಇಲ್ಲವೆಂದು ರಿಪೋರ್ಟೂ ಆಗಿಹೋಗಿತ್ತು. ಸೋಪಮ್ಮನ ಮನಸ್ಸು ಮಾತ್ರ ಒಪ್ಪಲಿಲ್ಲ. ಡ್ಯೂಟಿ ಮುಗಿದ ಮೇಲೆ ಹೊಸ ಸ್ಲೈಡಿಗೆ ಬಣ್ಣ ಹಾಕಿ, ಎರಡು ಗಂಟೆ ಕಣ್ಣು ನೆಟ್ಟು ಕೂತು, ಮಲೇರಿಯಾದ ರೋಗಾಣುವನ್ನು ಹುಡುಕಿಯೇ ಎದ್ದಳು. ಹುಡುಗಿ ಉಳಿದುಕೊಂಡಳು.

ಅಲ್ಲಿಂದ ಪ್ರತಿ ವರ್ಷ, ಚಳಿ ಶುರುವಾಗುವ ಹೊತ್ತಿಗೆ, ಲಾಂಡ್ರಿ ಅಕ್ಕ ಲ್ಯಾಬಿನ ಕಿಟಕಿಗೆ ಬಂದು ಒಂದು ಗಂಟು ಕೊಡುತ್ತಿದ್ದಳು. "ನಮ್ಮ ಹಿತ್ತಲಿನ ಹಣ್ಣು ಮೇಡಂ." ಒಳಗಿರುವುದು ಹಣ್ಣೇ ಇರಬಹುದು, ಆದರೆ ಸುತ್ತಿದ ಬಟ್ಟೆ ಆಸ್ಪತ್ರೆಯ ಹಳೇ ಚಾದರದ ತುಂಡು! ಯಾವ ರೋಗಿ ಯಾವ ರೋಗ ಹೊತ್ತು ಅದರ ಮೇಲೆ ಮಲಗಿದ್ದನೋ. ಸೋಪಮ್ಮ ನಗುನಗುತ್ತಲೇ ಎರಡು ಬೆರಳಲ್ಲಿ ಅದನ್ನು ಹಿಡಿದುಕೊಂಡು, ದಾರಿಯ ಕಸದ ತೊಟ್ಟಿಗೆ ಹಾಕಿ, ಮನೆಗೆ ಬಂದು ಮೊಣಕೈವರೆಗೆ ತೊಳೆದುಕೊಳ್ಳುತ್ತಿದ್ದಳು. ಮರುದಿನ ಆಕೆ "ಹೇಗಿತ್ತು ಮೇಡಂ?" ಎಂದು ಕೇಳಿದರೆ "ಸಕ್ಕರೆ ಅಕ್ಕ, ಸಕ್ಕರೆ!" ಒಂದು ಹನಿ ರಕ್ತವನ್ನು ಎರಡೆರಡು ಸಲ ನೋಡುವ ಮಹಾತಾಯಿ ಆ ಗಂಟನ್ನು ಒಂದು ಸಲವೂ ಬಿಚ್ಚಿ ನೋಡಲಿಲ್ಲ. ಹೋದ ವರ್ಷ ತೊಟ್ಟಿ ತುಂಬಿ ನಾರುತ್ತಿತ್ತೆಂದು ತನ್ನ ಹಿತ್ತಲ ಗೊಬ್ಬರದ ಗುಂಡಿಗೇ ಎಸೆದಳು, ಕೈ ತೊಳೆದಳು, ಮರೆತಳು.

ಈ ವರ್ಷ ಆ ಗುಂಡಿಯ ಪಕ್ಕ ತಾನಾಗಿಯೇ ಒಂದು ಬಳ್ಳಿ ಹುಟ್ಟಿ, ಬಟ್ಟೆ ಒಣಹಾಕುವ ಹಗ್ಗ ಹಿಡಿದು ಗೋಡೆ ಹತ್ತಿತು. ಅತ್ತೆ ಸೌತೆ ಎಂದರು, ಗಂಡ ಹಾಗಲ ಎಂದ. ಎದುರುಮನೆಯ ಮೇಷ್ಟ್ರು ಮೊಬೈಲಿನಲ್ಲಿ ಫೋಟೋ ತೆಗೆದು ಕೇಳಿದರೆ ಅದು ಬೆಳಿಗ್ಗೆ ಕಲ್ಲಂಗಡಿ ಎಂದಿತು, ಸಂಜೆ ಸೋರೆ ಎಂದಿತು. ಕಾಯಿ ಬಿಟ್ಟ ಮೇಲೆ ಎಲ್ಲರ ಬಾಯಿಯೂ ಮುಚ್ಚಿತು. ಗೇಣುದ್ದದ ಕಡುಹಸಿರು ಮೈ, ಬಿಳಿ ಗೆರೆ, ತೊಟ್ಟಿನ ಹತ್ತಿರ ಗಿಣಿಯ ಮೂತಿಯಂತೆ ಒಂದು ಕೊಂಕು. ಅಂಥದ್ದನ್ನು ಯಾರೂ ಕಂಡಿರಲಿಲ್ಲ.

"ಹಿತ್ತಲ ಗಿಡ ಮದ್ದಲ್ಲ ಅಂತಾರೆ, ನಮ್ಮ ಹಿತ್ತಲ ಗಿಡಕ್ಕೆ ಹೆಸರೇ ಇಲ್ಲ!" ಎಂದು ಅತ್ತೆ ನಕ್ಕರು. "ಕಣ್ಣಿಗೆ ಕಾಣದ ಹುಳಕ್ಕೆಲ್ಲ ಹೆಸರು ಹೇಳ್ತೀಯಲ್ಲೇ, ಕಣ್ಮುಂದೆ ಇರೋದಕ್ಕೆ ಹೇಳು ನೋಡೋಣ."

ಆ ಮಾತು ಸೋಪಮ್ಮನಿಗೆ ನಾಟಿತು. ಮರುದಿನವೇ ಹಣ್ಣಾದ ಒಂದನ್ನು ಕಿತ್ತು, ಸೋಪು ಹಾಕಿ ತೊಳೆದು, ಲ್ಯಾಬಿಗೆ ತಂದು ಸ್ಟೀಲಿನ ಟ್ರೇಯಲ್ಲಿಟ್ಟಳು. ಪಕ್ಕದಲ್ಲೊಂದು ಚೀಟಿ: "ಹೆಸರು ಹೇಳಿದವರಿಗೆ ಒಂದು ಟೀ."

ಟೀ ಎಂದರೆ ಸಾಕು, ಆಸ್ಪತ್ರೆಯೇ ನೆರೆಯಿತು. ಎಕ್ಸ್‌ರೇಯವನು ಒಂದು ಫಿಲಂ ತೆಗೆದು ನೋಡೋಣವೆಂದ. ಡಾಕ್ಟರು "ಅಡ್ಮಿಟ್ ಮಾಡಿ" ಎಂದರು. ಆ ಗದ್ದಲದ ನಡುವೆ, ಕೊಳೆಯಾದ ಬಿಳಿ ಕೋಟುಗಳನ್ನು ಒಯ್ಯಲು ಲಾಂಡ್ರಿ ಅಕ್ಕ ಬಂದಳು.

"ಅಕ್ಕ, ನೀವೂ ಒಂದು ಕೈ ನೋಡಿ," ಎಂದು ಸೋಪಮ್ಮ ಹುರುಪಿನಿಂದ ಕರೆದಳು. "ಇಂಥದ್ದನ್ನ ಎಲ್ಲಾದ್ರೂ ನೋಡಿದ್ದೀರಾ? ನಮ್ಮ ಹಿತ್ತಲಲ್ಲಿ ತಾನಾಗಿ ಹುಟ್ಟಿದ್ದು."

ಲಾಂಡ್ರಿ ಅಕ್ಕ ಹಣ್ಣನ್ನು ಕೈಗೆತ್ತಿಕೊಂಡಳು. ಕೊಂಕಿನ ಮೇಲೆ ಹೆಬ್ಬೆರಳು ಆಡಿಸಿದಳು. ಆಮೇಲೆ ತಲೆಯೆತ್ತಿ ಸೋಪಮ್ಮನ ಮುಖವನ್ನು ತುಸು ಹೆಚ್ಚೇ ಹೊತ್ತು ನೋಡಿದಳು.

"ಇಲ್ಲ ಮೇಡಂ. ನಾನೂ ನೋಡಿಲ್ಲ" ಎಂದು ಹಣ್ಣನ್ನು ಟ್ರೇಯಲ್ಲಿಟ್ಟು, ಕೋಟುಗಳ ಹೊರೆ ಹೊತ್ತು ಹೋದಳು.

ಸಂಜೆ ಸೋಪಮ್ಮ ಹಣ್ಣು ಹಿಡಿದು ಲಿಫ್ಟ್ ಹತ್ತಿದಳು. ಸಂಜೆ ಪಾಳಿಯ ಲಿಫ್ಟಣ್ಣ ಆಗಷ್ಟೇ ಕೆಲಸಕ್ಕೆ ಬಂದಿದ್ದ. ಹಣ್ಣು ನೋಡಿದ್ದೇ ಅವನ ಮುಖ ಅರಳಿತು.

"ಓ, ಈ ವರ್ಷದ್ದು ಬಂತಾ ಮೇಡಂ? ನಮ್ಮ ಪಕ್ಕದ್ಮನೆ ಲಾಂಡ್ರಿ ಅಕ್ಕಂದು ತಾನೇ? ಅವರ ಅಜ್ಜಿ ಕಾಲದ ಬೀಜ. ಬೇರೆ ಎಲ್ಲೂ ಕಾಣ್ಸಲ್ಲ. ವರ್ಷಕ್ಕೆ ಒಂದೋ ಎರಡೋ ಬಿಡುತ್ತೆ, ಅದೂ ನಿಮಗೇ ಅಂತ ಕಾಯ್ತಾರೆ. ನೀವು ಚೊಕ್ಕಟ ನೋಡೋರು ಅಂತ ಸುತ್ತೋ ಬಟ್ಟೆನ ಮೂರು ಸಲ ಕುದಿಸಿ, ಇಸ್ತ್ರಿ ಹಾಕಿ... ಯಾಕೆ ಮೇಡಂ, ತಲೆ ಸುತ್ತುತ್ತಾ?"

ಸೋಪಮ್ಮನ ಕಿವಿ ಸುಟ್ಟ ಹಾಗಾಯಿತು. ಇಡೀ ಆಸ್ಪತ್ರೆಯನ್ನು ಕರೆದು, ಚೀಟಿ ಬರೆದಿಟ್ಟು, ತನ್ನ ಮರ್ಯಾದೆಯನ್ನು ತಾನೇ ಟ್ರೇಯಲ್ಲಿಟ್ಟು ತೋರಿಸಿದ್ದಳು. ಒಂಬತ್ತು ವರ್ಷ ಹೊಗಳಿದ ಹಣ್ಣಿನ ಗುರುತೇ ತನಗಿಲ್ಲ! ಅದಕ್ಕಿಂತಲೂ ಚುಚ್ಚಿದ್ದೆಂದರೆ, ಅಷ್ಟು ಜನರೆದುರು ಆ ಹೆಂಗಸು ತನ್ನ ಹಣ್ಣನ್ನೇ ಅರಿಯೆನೆಂದು ಇವಳ ಮಾನ ಮುಚ್ಚಿದ್ದು. ನೆಲಮಹಡಿಯ ಬಾಗಿಲು ತೆರೆದರೂ ಸೋಪಮ್ಮ ಇಳಿಯಲಿಲ್ಲ. ಅದಕ್ಕೂ ಕೆಳಗಿನ ಲಾಂಡ್ರಿಗೆ ಬಿಡು ಎಂದಳು.

ಇಪ್ಪತ್ತಾರು ವರ್ಷದಲ್ಲಿ ಅವಳು ಅಲ್ಲಿಗೆ ಕಾಲಿಟ್ಟಿದ್ದು ಅದೇ ಮೊದಲು. ಹಬೆ ತುಂಬಿದ ಕೋಣೆ, ನೀರು ಒಸರುವ ಗೋಡೆ. ಲಾಂಡ್ರಿ ಅಕ್ಕ ಚಾದರ ಮಡಿಸುತ್ತಿದ್ದಳು. ಬಿಸಿನೀರು, ಸೋಡಾದಲ್ಲಿ ಆಡಿ ಆಡಿ ಬೆರಳ ಸಂದುಗಳು ಬಿರಿದಿದ್ದವು. ಸೋಪಮ್ಮ ಹಣ್ಣನ್ನು ಮಡಿಸಿಟ್ಟ ಚಾದರಗಳ ಪಕ್ಕ ಇಟ್ಟಳು.

"ಅಕ್ಕ, ನಾನು... ಒಂದು ವರ್ಷವೂ ತಿಂದಿಲ್ಲ."

"ಗೊತ್ತು ಮೇಡಂ" ಎಂದು ಲಾಂಡ್ರಿ ಅಕ್ಕ ಮಡಿಸುವುದನ್ನು ನಿಲ್ಲಿಸದೆ ಹೇಳಿದಳು. "ಅದು ಹುಳಿ ಹಣ್ಣು. ಮೊದಲನೇ ವರ್ಷ ನೀವು ಸಕ್ಕರೆ ಅಂದಾಗ್ಲೇ ಗೊತ್ತಾಯ್ತು. ದೊಡ್ಡವರು, ಬೇರೆ ಯಾರಿಗೋ ಕೊಟ್ಟಿರ್ತಾರೆ ಅಂದ್ಕೊಂಡೆ. ಯಾರಾದ್ರೂ ತಿಂದ್ರೆ ಸಾಕಿತ್ತು ನನಗೆ. ಎಸೀತೀರಿ ಅಂತ..." ಎಂದವಳು ಮಾತು ಮುಗಿಸದೆ ಇನ್ನೊಂದು ಚಾದರ ಎಳೆದುಕೊಂಡಳು.

ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು. ನಾಚಿಕೆಯಿಂದ ಸೋಪಮ್ಮನಿಗೆ ಆ ಮುಖ ನೋಡಲೇ ಆಗಲಿಲ್ಲ. ಬಿರಿದ ಆ ಕೈಗಳನ್ನು ಹಿಡಿದುಕೊಂಡಳು.

"ತಪ್ಪಾಯ್ತು ಅಕ್ಕ. ಈ ವರ್ಷದ್ದು ಕೊಡಿ. ನಿಮ್ಮೆದುರಿಗೇ ಬಿಚ್ಚಿ, ನಿಮ್ಮೆದುರಿಗೇ ತಿಂತೀನಿ."

ಲಾಂಡ್ರಿ ಅಕ್ಕ ಮೆಲ್ಲಗೆ ಕೈ ಬಿಡಿಸಿಕೊಂಡಳು.

"ನಿಮ್ಮ ಹಿತ್ತಲಲ್ಲೇ ಬೆಳೆದಿದೆಯಲ್ಲ ಮೇಡಂ, ಅದನ್ನೇ ತಿನ್ನಿ. ಈ ಸಲದ್ದು ನನ್ನ ಮಗಳಿಗಿರಲಿ. ಅವಳು ಇಷ್ಟು ವರ್ಷ ರುಚಿನೇ ನೋಡಿಲ್ಲ."